ಏಳು ಮನೆಯ ಡಬ್ಬಿ

೧೪ ನವೆಂಬರ್ ೨೦೦೬, ಮಂಗಳವಾರ. ಮಣಿಕೊಂಡ

ಚಾರ್ಜರ್ ಹುಡುಕಲು ಗಂಡ ಪರಮೇಶನ ಲ್ಯಾಪ್‌ಟಾಪ್ ಬ್ಯಾಗ್ ತೆರೆದರೆ ನನ್ನ ಖಿನ್ನತೆಯ ಮಾತ್ರೆಗಳು. ಒಂದೂ ಒಡೆಯದ ಮೂರು ಪಟ್ಟಿ. ಪ್ರತಿ ಭಾನುವಾರ ನನ್ನ ಏಳು ಮನೆಯ ಮಾತ್ರೆ ಡಬ್ಬಿ ತುಂಬಿಸುವವನು ಅವನೇ. ಅಸ್ತಮಾದ ಸ್ಟೀರಾಯ್ಡ್ ಸರಿಯಾಗಿಯೇ ಹಾಕಿದ್ದಾನೆ. ಖಿನ್ನತೆಯವುಗಳ ಬದಲು ಅದೇ ಬಣ್ಣದ ವಿಟಮಿನ್.

“ದಮ್ಮಿಗೆ ಗುಳಿಗಿ ಬೇಕು, ಒಪ್ಪತೀನಿ. ತಲಿಗ್ಯಾಕ? ನೀ ಏನ್ ಹುಚ್ಚಿ ಏನು?” ಎಂದ.

ಮಾತ್ರೆಯೂ ನಾಟದಷ್ಟು ಕೆಟ್ಟುಹೋಗಿದ್ದೇನೆ ಎಂದು ತಿಂಗಳಿಡೀ ನನ್ನನ್ನೇ ಬೈದುಕೊಂಡೆ. ಸಿಕಂದರಾಬಾದಿನಲ್ಲಿ ಡಾಕ್ಟರ ಮುಂದೆ ಅತ್ತಾಗ ಪಕ್ಕದಲ್ಲೇ ಕೂತು ಬೆನ್ನು ಸವರಿದ್ದನಲ್ಲ!

ಜಗಳದ ನಡುವೆಯೇ ಉಸಿರು ಕಟ್ಟಿತು. ಓಡಿಹೋಗಿ ಅಸ್ತಮಾದ ಪಂಪು ತಂದ, ಎಂದಿನಂತೆ ಅಲುಗಾಡಿಸಿ ಕೈಗಿಟ್ಟ. ಬಾಯಿಗಿಡುವ ಮೊದಲು, ಆ ಏದುಸಿರಿನಲ್ಲೂ, ಅದರ ಮೇಲಿನ ಔಷಧಿಯ ಹೆಸರು ಓದಿದೆ. ನಾನು ಓದಿದ್ದನ್ನು ಅವನು ನೋಡಿದ.

ನೋಡಲಿ.