ಹಾಗಲವಾಡಿಯ ಹಳೆ ಕಂಪ್ಯೂಟರಿನ ದನಿ

ಮರಳೂರು, ತುಮಕೂರು

ಮಾನ್ಯ ಉದಯಕುಮಾರ್ ಸರ್,

ನಿಮ್ಮ ಕನ್ನಡ ಓದಿ ಹೇಳುವ ತಂತ್ರಾಂಶವನ್ನು ಲಿನಕ್ಸ್ ಕಂಪ್ಯೂಟರ್‌ಗಳಿಗೆ ಹೊಂದಿಸಿ ಪ್ಯಾಕೇಜ್ ಮಾಡುವ ಸುಧಾ ನಾನು. ಹೊಸ ಆವೃತ್ತಿ ಚೆನ್ನಾಗಿದೆ. ಆದರೆ ಅದನ್ನು ಕಂಪ್ಯೂಟರ್‌ನಲ್ಲಿ ಓಡುವಂತೆ ಮಾಡಲು ಬೇಕಾದ ಕಂಪೈಲರ್ ಹಳೆಯ ಮಾದರಿಯ ಕಂಪ್ಯೂಟರ್‌ಗಳಿಗೆ ಸಿಗುವುದಿಲ್ಲ. ಒದ್ದಾಡಿ ಸೋತೆ. ಅವುಗಳಿಗೆ ಮಾತ್ರ ಹಳೆಯ ಆವೃತ್ತಿಯನ್ನೇ ಉಳಿಸಬೇಕೆಂದಿದ್ದೇನೆ.

ಹಳೆಯದರಲ್ಲಿ ಓದುವುದು ನಿಮ್ಮ ಶ್ರೀಮತಿ ಗಂಗಾಂಬಿಕೆಯವರ ದನಿ. ಅವರು ತೀರಿಕೊಂಡ ಮೇಲೆ ನೀವು ಹೊಸದರಲ್ಲಿ ಅದನ್ನು ತೆಗೆದಿದ್ದೀರಿ. ಯಾರು ಬೇಕಾದರೂ ಹಂಚಬಹುದೆನ್ನುವ ನಿಮ್ಮ ಲೈಸೆನ್ಸ್ ಪ್ರಕಾರ ನಾನು ನಿಮ್ಮನ್ನು ಕೇಳಬೇಕಾಗಿಲ್ಲ. ಕೇಳದೆ ಮಾಡಲು ಮನಸ್ಸು ಬರಲಿಲ್ಲ.

ಹಾಗಲವಾಡಿ ಲೈಬ್ರರಿಯಲ್ಲಿ ಅಂಥದ್ದೊಂದು ಕಂಪ್ಯೂಟರ್ ಇದೆ. ಕಣ್ಣು ಕಾಣದ ದೊಡ್ಡರಂಗಯ್ಯನವರು ದಿನಾ ಅದರಿಂದ ಪೇಪರ್ ಓದಿಸಿಕೊಳ್ಳುತ್ತಾರೆ. ಮೊನ್ನೆ ಹೋದಾಗ ಅದರ ಪಕ್ಕ ಕೆತ್ತಿಟ್ಟ ಎಳನೀರಿತ್ತು. ನನಗೇ ಇರಬೇಕೆಂದು ಕೈ ಹಾಕಿದೆ.

"ಅದು ನಿಂಗಲ್ಲ ಕಣವ್ವ, ಓದೋ ಆಯಮ್ಮಂಗೆ," ಅಂದರು. "ಮಿಷನ್ನು ಅಂತ ಗೊತ್ತು. ಆದ್ರೂ ಅಷ್ಟೊತ್ತು ಓದ್ತಾರೆ, ಏನೂ ಕೊಡ್ದೆ ಹೆಂಗೆ ಎದ್ದೋಗೋದು?"

ಆ ದನಿ ಬೇಡವೆನಿಸಿದರೆ ತಿಳಿಸಿ, ಹಳೆಯ ಪ್ಯಾಕೇಜ್ ತೆಗೆದುಬಿಡುತ್ತೇನೆ. ದೊಡ್ಡರಂಗಯ್ಯನವರಿಗೆ ಮಾತ್ರ ನೀವೇ ಬಂದು ಹೇಳಬೇಕು. ನನ್ನ ಕೈಲಾಗುವುದಿಲ್ಲ.

ನಿಮ್ಮ ಉತ್ತರ ಬರುವವರೆಗೆ ಏನನ್ನೂ ಅಳಿಸದ,
ಸುಧಾ