ಮುಯ್ಯಿ ಎಂದರೆ ಸೇಡಲ್ಲ, ಸಾಹೇಬರೇ

ಮಾನ್ಯ ಯೋಜನಾಧಿಕಾರಿಗಳೇ,

ತಮ್ಮ ಕಚೇರಿಯ ವರದಿಯ ಪ್ರಕಾರ ನಮ್ಮೂರಿನ ಜನ ಒಬ್ಬರನ್ನೊಬ್ಬರು ನಂಬುವುದಿಲ್ಲ. ಪರಸ್ಪರ ವಿಶ್ವಾಸದಲ್ಲಿ ನಮಗೆ ನೂರಕ್ಕೆ ಹನ್ನೊಂದು ಅಂಕ ಬಂದಿದೆ. ಆ ಕಾರಣಕ್ಕೆ ನಮಗೆ ಬರಬೇಕಿದ್ದ ಒಣಕಣ ಬೇರೆ ಊರಿಗೆ ಹೋಯಿತು. ಒಣಕಣವೆಂದರೆ ದೊಡ್ಡದೇನಲ್ಲ, ಮೆಣಸಿನಕಾಯಿ ಒಣಹಾಕಲು ಊರಿಗೆಲ್ಲ ಸೇರಿ ಒಂದು ಸಿಮೆಂಟಿನ ಕಟ್ಟೆ, ಅದರ ಮೇಲೊಂದು ತಗಡಿನ ಚಾವಣಿ. ಅದನ್ನು ಪಡೆದ ಊರಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ತಕರಾರು ಒಂದೇ ಒಂದು ಶಬ್ದದ ಬಗ್ಗೆ.

'ಬಡ ಸಮಾಜಗಳ ಆರ್ಥಿಕ ಹಿನ್ನಡೆಗೆ ಬಂಡವಾಳದ ಕೊರತೆಗಿಂತ ಪರಸ್ಪರ ವಿಶ್ವಾಸದ ಕೊರತೆಯೇ ಮುಖ್ಯ ಕಾರಣ' ಎಂದು ತಮ್ಮ ವರದಿಯ ಮುನ್ನುಡಿ ಹೇಳುತ್ತದೆ. ಈ ವಾಕ್ಯ ನನಗೆ ಬಾಯಿಪಾಠವಾಗಿದೆ, ಏಕೆಂದರೆ ವರದಿಯನ್ನು ಟೈಪು ಮಾಡಿದವನು ನಾನೇ. ಬ್ಯಾಡಗಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಿದೆ. ವಾಕ್ಯ ಒಳ್ಳೆಯದೇ. ನಂಬಿಕೆಯಿಲ್ಲದ ಊರಿನಲ್ಲಿ ಎಲ್ಲರಿಗೂ ಸೇರಿದ ಕಣ ಕಟ್ಟಿದರೆ ಅದರ ತಗಡು ಮೊದಲು ಮಾಯವಾಗುತ್ತದೆ, ಆಮೇಲೆ ಕಣ. ಇದನ್ನು ನಾನೂ ಒಪ್ಪುತ್ತೇನೆ.

ಆದರೆ ನಂಬಿಕೆಯನ್ನು ಅಳೆದ ಬಗೆ ನೋಡಿ. ತಮ್ಮ ಸಮೀಕ್ಷಕರು ಬಂದಿದ್ದರು. ದಕ್ಷಿಣದ ಕಡೆಯ ಸೌಮ್ಯ ಮನುಷ್ಯ, ಕೊಟ್ಟ ಚಹಾ ಪೂರ್ತಿ ಕುಡಿದರು. ನೆರೆಹೊರೆಯವರ ಜೊತೆ ನಿಮ್ಮ ವ್ಯವಹಾರ ಹೇಗೆ ಎಂದು ನಮ್ಮ ಓಣಿಯ ಬೀರವ್ವನನ್ನು ಕೇಳಿದರು. ವರಸೆಯಲ್ಲಿ ನನಗೆ ಅತ್ತೆಯಾಗಬೇಕಾದ ಬೀರವ್ವ ಎದೆಯುಬ್ಬಿಸಿ ಹೇಳಿದಳು:

"ನಮ್ಮೂರಾಗ ಯಾರೂ ಮುಯ್ಯಿ ಉಳಿಸ್ಕೊಳ್ಳಂಗಿಲ್ರಿ ಸಾಹೇಬ್ರ. ಇವತ್ತ ಅವರು ನಮ್ಮ ಹೊಲಕ್ಕ ಬಂದ್ರ, ನಾಳೆ ನಾವು ಅವರ ಹೊಲಕ್ಕ ಹೋಗೂದ. ಹೊಲದಾಕಿನ್ನ ಬಿಟ್ಟು ಹದಿನಾಕ ಮಂದಿ ಹೆಣಮಕ್ಕಳು ಅದೇವಿ. ಕುಡಗೋಲು ತಗೋತೇವಿ, ಹೊಂಡತೇವಿ. ಮಧ್ಯಾಹ್ನದ ಊಟ ಹೊಲದವರ ಮನೀದು."

ನಮ್ಮಲ್ಲಿ ಮುಯ್ಯಿ ಎಂದರೆ ಕೂಲಿಯಿಲ್ಲದ ಕೆಲಸದ ಕೊಡುಕೊಳ್ಳು. ನೀನು ನನ್ನ ಹೊಲದಲ್ಲಿ ಒಂದು ದಿನ ದುಡಿ, ನಾನು ನಿನ್ನ ಹೊಲದಲ್ಲಿ ಒಂದು ದಿನ ದುಡಿಯುತ್ತೇನೆ. ಪುಸ್ತಕದ ಕನ್ನಡದಲ್ಲಿ ಮುಯ್ಯಿ ತೀರಿಸಿಕೊಳ್ಳುವುದೆಂದರೆ ಸೇಡು ಎಂಬ ಅರ್ಥವೂ ಇದೆ. ಸಮೀಕ್ಷಕರು ಪುಸ್ತಕ ಓದಿದವರು. ಹೀಗಾಗಿ ವರದಿಯಲ್ಲಿ ಹೀಗೆ ಬಂತು: 'ಗ್ರಾಮಸ್ಥರಲ್ಲಿ ಮುಯ್ಯಿ ತೀರಿಸಿಕೊಳ್ಳುವ ಪ್ರವೃತ್ತಿ ಆಳವಾಗಿ ಬೇರೂರಿದೆ. ಹರಿತವಾದ ಆಯುಧಗಳೊಂದಿಗೆ ಪರಸ್ಪರರ ಜಮೀನುಗಳಿಗೆ ಗುಂಪಾಗಿ ತೆರಳುವ ವಾಡಿಕೆಯಿದೆ. ಮಹಿಳೆಯರೂ ಇದಕ್ಕೆ ಹೊರತಲ್ಲ.' ಮಧ್ಯಾಹ್ನದ ಊಟವನ್ನು ಮಾತ್ರ ಕೈಬಿಡಲಾಗಿತ್ತು.

ಟೈಪು ಮಾಡುವಾಗ ನಾನು ನಕ್ಕೆ. ತಿದ್ದಲಿಲ್ಲ. ಸರಕಾರಿ ಕಾಗದ, ನಮಗ್ಯಾಕೆ ಉಸಾಬರಿ, ಮೇಲಿನವರು ಓದಿದಾಗ ತಿಳಿದೇ ತಿಳಿಯುತ್ತದೆ ಎಂದುಕೊಂಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಒಬ್ಬರಿರಬಹುದು, ಇಡೀ ಕಚೇರಿ ಇರಲಿಕ್ಕಿಲ್ಲ ಎಂಬ ನಂಬಿಕೆ. ಹದಿನಾಲ್ಕು ಹೆಂಗಸರು ಆಯುಧ ಹಿಡಿದು ಹೊಲಗಳಿಗೆ ನುಗ್ಗುತ್ತಾರೆಂದು ಓದಿದ ಯಾವ ಅಧಿಕಾರಿಯಾದರೂ ಪೊಲೀಸರಿಗೆ ಒಂದು ಫೋನಾದರೂ ಮಾಡುತ್ತಾನೆ. ತಾವು ಮಾಡಲಿಲ್ಲ. ಅಂದರೆ ಯಾರೂ ಓದಿಲ್ಲ, ಅಂಕ ಮಾತ್ರ ನೋಡಿದ್ದೀರಿ.

ಪೊಲೀಸರ ಬದಲು ನೋಟಿಸು ಬಂತು. ಹಾವೇರಿಯಲ್ಲಿ ಅರ್ಧ ದಿನದ 'ವಿಶ್ವಾಸ ವೃದ್ಧಿ ತರಬೇತಿ', ಹದಿನಾಲ್ಕು ಮಹಿಳೆಯರೂ ಹಾಜರಾಗಬೇಕು, ತಪ್ಪಿದರೆ ಒಣಕಣದ ಎರಡನೇ ಪಟ್ಟಿಯಿಂದಲೂ ಊರಿನ ಹೆಸರು ಹೋಗುತ್ತದೆ. ನೋಟಿಸು ತಲುಪಿದ್ದು ಹಿಂದಿನ ಸಂಜೆ. ಮರುದಿನ ಆ ಹದಿನಾಲ್ಕೂ ಜನ ಮೈಮುನಾಬಿಯ ಹೊಲಕ್ಕೆ ಮುಯ್ಯಿ ಹೋಗಬೇಕಿತ್ತು. ಗಂಡನಿಲ್ಲದ ಮೈಮುನಾಬಿ ಎರಡು ಎಕರೆಯನ್ನು ಈ ಮುಯ್ಯಿಯ ಬಲದ ಮೇಲೇ ಮಾಡುತ್ತಾಳೆ. ಅವಳ ಎರಡನೇ ಕೊಯ್ಲಿನ ಕಾಯಿ ಹೊಲದಲ್ಲಿ ಹರವಿ ಬಿದ್ದಿತ್ತು, ಒಣಗಿದ್ದನ್ನು ಬಳಿದು ಚೀಲ ತುಂಬಬೇಕಿತ್ತು. ಆದರೂ ಅವಳೇ ಹೇಳಿದಳು: "ಹೋಗಿ ಬರ್ರಿ. ಕಣ ಬಂದ್ರ ಎಲ್ಲಾರಿಗೂ ಬರ್ತೈತಿ. ಮಧ್ಯಾಹ್ನಕ್ಕ ಬಂದು ತುಂಬಿದ್ರಾತು."

ತರಬೇತಿಯ ಬಾಗಿಲಲ್ಲಿ ಆಧಾರ್ ಜೆರಾಕ್ಸ್ ಎರಡೆರಡು ಪ್ರತಿ ತೆಗೆದುಕೊಂಡರು. ಸಹಿ ಸಾಲದೆಂದು ಹೆಬ್ಬೆಟ್ಟು, ಹೆಬ್ಬೆಟ್ಟು ಸಾಲದೆಂದು ಫೋಟೋ. ಸಹಿ ಮಾಡುವ ಪೆನ್ನನ್ನು ಮೇಜಿಗೆ ದಾರದಿಂದ ಕಟ್ಟಿದ್ದರು. ಏಕಾಗ್ರತೆಗೆಂದು ಮೊಬೈಲುಗಳನ್ನು ಒಂದು ಬುಟ್ಟಿಗೆ ಹಾಕಿಸಿಕೊಂಡರು. ಆಮೇಲೆ ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ, ಹಿಂದಿನವರು ಹಿಡಿಯುತ್ತಾರೆ, ಅದೇ ವಿಶ್ವಾಸ ಎಂದರು. ಬೀರವ್ವ ಬೀಳಲಿಲ್ಲ. "ಸುಮ್ಮಸುಮ್ಮನ ಯಾಕ ಬೀಳ್ಲಿರಿ? ಖರೇ ಬಿದ್ದಾಗ ಹಿಡೀತಾರ, ನಂಗ ಗೊತ್ತೈತಿ" ಎಂದಳು. ಅವಳ ಹೆಸರಿನ ಮುಂದೆ 'ಅಸಹಕಾರ' ಎಂದು ಬರೆದುಕೊಂಡರು.

ಹನ್ನೆರಡಕ್ಕೆ ತರಬೇತಿ ಮುಗಿಯಿತು. ಪ್ರಮಾಣಪತ್ರ ಕೊಡಲು ತಾವು ಬರಬೇಕಿತ್ತು. ತಾವು ಬಂದದ್ದು ಮೂರೂವರೆಗೆ, ಅಲ್ಲಿಯವರೆಗೆ ಮೊಬೈಲೂ ಕೊಡಲಿಲ್ಲ, ಹೋಗಲೂ ಬಿಡಲಿಲ್ಲ. ಅಷ್ಟರಲ್ಲಿ ನಮ್ಮೂರ ಕಡೆ ಅಕಾಲದ ಮಳೆ ಹೊಡೆದು ಹೋಗಿತ್ತು. ಬುಟ್ಟಿಯೊಳಗಿನ ಬೀರವ್ವನ ಮೊಬೈಲಿನಲ್ಲಿ ಮೈಮುನಾಬಿಯ ಒಂಬತ್ತು ಕರೆಗಳಿದ್ದವು. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ ಎಂಬುದು ತಮಗೆ ಗೊತ್ತಿರಬಹುದು. ನೆಂದ ಕಾಯಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಕೆಂಪಾಗುವುದಿಲ್ಲ.

ಹೆಂಗಸರು ಬಸ್ಸಿಳಿದು ಮನೆಗೆ ಹೋಗದೆ ನೇರ ಹೊಲಕ್ಕೆ ಓಡಿದರು. ಮೈಮುನಾಬಿ ಒಬ್ಬಳೇ ಹಿಡಿದಷ್ಟು ತಾಡಪಾಲಿನಡಿ ಎಳೆದು, ಉಳಿದದ್ದನ್ನು ಕೆಸರಿನಿಂದ ಆರಿಸುತ್ತಿದ್ದಳು. ಬೈಯಲಿಲ್ಲ. "ಹದಿನಾಕ ಮಂದಿ ಅಡಿಗಿ ಮಾಡಿದ್ದೆ. ಉಂಡು ಹೋಗ್ರಿ" ಎಂದಳಷ್ಟೆ. ಬೀರವ್ವ ಕೈಯಲ್ಲಿದ್ದ ಪ್ರಮಾಣಪತ್ರವನ್ನು ಎಲ್ಲಿಡಬೇಕೆಂದು ತಿಳಿಯದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇದನ್ನು ಕೇಳಿದ ದಿನ ನನಗೆ ನಾಚಿಕೆಯಾಯಿತು. ಒಂದು ಶಬ್ದ ತಿದ್ದಲು ಎಷ್ಟು ಹೊತ್ತು ಬೇಕಿತ್ತು?

ಈಗ ಹೇಳಿ, ಯಾರು ಯಾರನ್ನು ನಂಬುವುದಿಲ್ಲ? ಈ ಹೆಂಗಸರು ಇಪ್ಪತ್ತೆರಡು ವರ್ಷದಿಂದ ನಡೆಸಿಕೊಂಡು ಬಂದ ಮುಯ್ಯಿಗೆ ನಮ್ಮೂರಲ್ಲಿ ಒಂದು ಸಹಿಯಿಲ್ಲ, ಒಂದು ತಪ್ಪಿದ ದಿನವಿಲ್ಲ. ತಪ್ಪಿದ ಮೊದಲ ದಿನ ತಾವು ನಂಬಿಕೆ ಕಲಿಸಿದ ದಿನ. ಊರಿನಲ್ಲಿರುವ ಬಂಡವಾಳ ಇದೊಂದೇ, ಅದನ್ನೂ ಅಂಕ ಹಾಕಲು ಹೋಗಿ ಕಳೆದಿರಿ.

ಆದ್ದರಿಂದ ನನ್ನ ಬೇಡಿಕೆ. ವರದಿಯ ಆ ಪುಟ ತಿದ್ದಿಸಿ, ಹೊಸದನ್ನು ನಾನು ಬಿಟ್ಟಿಯಾಗಿ ಟೈಪು ಮಾಡಿಕೊಡುತ್ತೇನೆ. ಎರಡನೆಯದು, ತಾವು ಆ ದಿನ ಮೈಮುನಾಬಿಯ ಹೊಲದಿಂದ ಹದಿನಾಲ್ಕು ಆಳು ತೆಗೆದುಕೊಂಡು ಹೋಗಿದ್ದೀರಿ. ಬೀರವ್ವನ ಲೆಕ್ಕದಲ್ಲಿ ತಮ್ಮ ಕಚೇರಿಯ ಮೇಲೆ ನಮ್ಮೂರಿನ ಮುಯ್ಯಿ ಇದೆ. ಇದು ಬೆದರಿಕೆಯಲ್ಲ, ದಯವಿಟ್ಟು ಮೇಲಿನ ಅರ್ಥವನ್ನು ಮತ್ತೊಮ್ಮೆ ಓದಿಕೊಳ್ಳಿ. ಬರುವ ಮಂಗಳವಾರ ಮೈಮುನಾಬಿಯ ಕೊನೆಯ ಕೊಯ್ಲು. ತಮ್ಮನ್ನೂ ಸೇರಿಸಿ ಹದಿನಾಲ್ಕು ಜನ ಬನ್ನಿ. ಆಧಾರ್ ಬೇಡ, ಹೆಬ್ಬೆಟ್ಟು ಬೇಡ. ಕುಡಗೋಲೂ ಬೇಡ, ಕಾಯಿಯನ್ನು ಕೈಯಿಂದಲೇ ಬಿಡಿಸುವುದು. ತಿದ್ದದೆ ಬಿಟ್ಟ ತಪ್ಪಿಗೆ ನನ್ನ ಪಾಲಿನ ಒಂದು ದಿನವನ್ನು ಅಂಗಡಿ ಮುಚ್ಚಿ ಕಳೆದ ವಾರ ಅವಳ ಹೊಲದಲ್ಲಿ ತೀರಿಸಿದ್ದೇನೆ. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ ಎನ್ನುತ್ತಾರೆ, ನನ್ನ ಕಣ್ಣಿಗೆ ಹಾಗನ್ನಿಸಲಿಲ್ಲ.

ತಾವು ಬರುತ್ತೀರೆಂದು ನಾನು ನಂಬಿಲ್ಲ. ಮೈಮುನಾಬಿ ನಂಬಿದ್ದಾಳೆ. ನಿನ್ನೆ ಹದಿನಾಲ್ಕು ಜನರ ರೊಟ್ಟಿಗಾಗುವಷ್ಟು ಜೋಳ ಬೀಸಿಸಿಕೊಂಡು ಬಂದಿದ್ದಾಳೆ.

ಇಂತಿ,
ತಮ್ಮ ತಪ್ಪನ್ನು ಒಂದಕ್ಷರವೂ ತಪ್ಪದಂತೆ ಟೈಪು ಮಾಡಿದ
ಶಂಭುಲಿಂಗ, ಬ್ಯಾಡಗಿ