ಹಿಂದಿನ ಸೀಟು ನಿಮ್ಮದು

ವಾದಿ ಕಬೀರ್, ಮಸ್ಕತ್
16 ನವೆಂಬರ್ 2024

ಪ್ರೀತಿಯ ನಿಮಗೆ, ನಿಮ್ಮ ಉಮಾವತಿಯ ನಮಸ್ಕಾರ.

ಕಾಗದ ತಡವಾಯಿತು. ಬೇಜಾರು ಮಾಡಿಕೊಳ್ಳಬೇಡಿ, ಬೇಜಾರು ಮಾಡಿಕೊಳ್ಳುವ ಸರದಿ ನನ್ನದು. ಫೋನ್ ಮಾಡಿದರೆ ನೀವು ತೆಗೆಯುವುದಿಲ್ಲ. ‘ವಿಮಾನ ಮಾರಿಬಿಡು, ನಾನಿನ್ನು ಬರುವುದಿಲ್ಲ’ ಎಂದು ಎಡಗೈಯಲ್ಲಿ ಗೀಚಿ, ನಿಮ್ಮ ತಂಗಿ ಕುಸುಮನಿಂದ ಫೋಟೋ ತೆಗೆಸಿ ಕಳಿಸಿದ್ದೀರಿ. ಮಾರುವುದಿಲ್ಲ. ಏನು ಮಾಡುತ್ತೀರೋ ಮಾಡಿ.

ಊಟ ಸೇರುತ್ತಿದೆಯಾ? ಬಲಗೈಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಕುಸುಮನ ಮೇಲೆ ಸಿಡುಕಬೇಡಿ, ಪಾಪ.

ಆ ಹಳೇ ಎರಡು ಸೀಟಿನ ವಿಮಾನವನ್ನು ನೀವೂ ವಾಲ್ಟರಣ್ಣನೂ ಸೇರಿ ಖರೀದಿಸಿ ರುಸೈಲ್‌ನ ಶೆಡ್ಡಿಗೆ ತಂದಾಗ ‘ಗುಜರಿ’ ಎಂದು ನಕ್ಕವಳು ನಾನೇ. ನಿಮಗೆ ಪಾರ್ಶ್ವವಾಯು ಬಡಿದು ಮಂಗಳೂರಿಗೆ ಹೋದ ಮೇಲೆ ವಾಲ್ಟರಣ್ಣ ಶೆಡ್ಡಿನ ಬೀಗವನ್ನೇ ತೆಗೆಯಲಿಲ್ಲ. “ಎಂತ ವಾಲ್ಟರಣ್ಣ, ಒಬ್ಬರು ಮಲಗಿದ್ರೆ ಇನ್ನೊಬ್ಬರೂ ಮಲಗುದಾ?” ಎಂದು ಹೋಗಿ ಬೈದೆ. ಈಗ ಶುಕ್ರವಾರ ಬಂದರೆ ಇಬ್ಬರೂ ಅಲ್ಲೇ. ಇಂಜಿನ್ ಅವರದು, ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿಯುವುದು ನನ್ನದು. ರವಿಕೆ ಹೊಲಿದ ಕೈಗೆ ಅದೇನೂ ಕಷ್ಟವಲ್ಲ, ಸೂಜಿ ಮಾತ್ರ ಉದ್ದ.

ಆದರೆ ಒಂದು ಎಡವಟ್ಟು ಮಾಡಿದೆ. ಹೊಲಿದ ಬಟ್ಟೆ ಬಿಗಿಯಾಗಲು ಇಸ್ತ್ರಿ ಹಾಕಬೇಕಂತೆ. ನಾನು ಕಾಟನ್ ಸೀರೆಗೆ ಹಾಕುವ ಹಾಗೆ ನೀರು ಚಿಮುಕಿಸಿ, ಬಿಸಿಯನ್ನು ಕೊನೆಯವರೆಗೆ ಏರಿಸಿ ಒತ್ತಿಬಿಟ್ಟೆ. ಬಟ್ಟೆ ಕುಗ್ಗಿ ಎಳೆದ ಎಳೆತಕ್ಕೆ ರೆಕ್ಕೆಯ ಹಿಂದಿನ ಅಂಚು ಬಾಗಿಯೇ ಹೋಯಿತು!

“ಅಯ್ಯೋ ಉಮಕ್ಕಾ, ಇದು ಮದುವೆಗೆ ಉಡುವ ಸೀರೆ ಅಲ್ಲ ಮಾರಾಯ್ತಿ! ಸಣ್ಣ ಬಿಸಿಯಲ್ಲಿ ಸುರು ಮಾಡ್ಬೇಕು” ಎಂದು ವಾಲ್ಟರಣ್ಣ ತಲೆಗೆ ಕೈಕೊಟ್ಟು ಕೂತರು. ನನಗೆ ಅಳು ಬಂತು. ಅಂಚು ಬಾಗಿತೆಂದಲ್ಲ, ಬೊಬ್ಬೆ ಹಾಕಲು ನೀವಿಲ್ಲವಲ್ಲ ಎಂದು. ಬಟ್ಟೆ ಕಿತ್ತು, ಅಂಚು ನೆಟ್ಟಗೆ ಮಾಡಿ, ಮತ್ತೆ ಹೊಲಿದಾಯಿತು. ಈಗ ಬೆರಳಲ್ಲಿ ಬಡಿದರೆ ಚೆಂಡೆಯ ಹಾಗೆ ಕೇಳುತ್ತದೆ.

ನಿನ್ನೆ ಇಂಜಿನ್ ಸ್ಟಾರ್ಟ್ ಆಯಿತು! ಮೊದಲು ಕೆಮ್ಮಿತು, ಕಪ್ಪು ಹೊಗೆ ಕಾರಿತು, ಆಮೇಲೆ ಹಿಡಿದುಕೊಂಡಿತು. ವಾಲ್ಟರಣ್ಣ ಶಿಲುಬೆಯ ಗುರುತು ಹಾಕಿಕೊಂಡರು, ನಾನು ಚಕ್ರದಡಿ ಲಿಂಬೆಹಣ್ಣು ಇಟ್ಟೆ. ವಿಮಾನ ಹಾರಿಸಲು ಒಪ್ಪಿರುವ ಕ್ಯಾಪ್ಟನ್ ಹಮೂದ್ ಕೂಡ ನೋಡಲು ಬಂದಿದ್ದರು. ತಪಾಸಣೆ ಪಾಸಾದರೆ ಜನವರಿಯಲ್ಲಿ ಹಾರಿಸುತ್ತಾರಂತೆ. “ಪೆಹಲೇ ಮೈ ಅಕೇಲಾ ಜಾಯೇಗಾ. ಉಸ್ಕೇ ಬಾದ್ ಪೀಛೇ ಕಾ ಸೀಟ್ ಲತೇಶ್ ಕಾ. ಖಲಾಸ್!” ಎಂದರು. ಮೊದಲು ಅವರೊಬ್ಬರೇ ಹಾರುವುದು, ಆಮೇಲೆ ಹಿಂದಿನ ಸೀಟು ನಿಮ್ಮದು.

ಜೀವಮಾನವಿಡೀ ಬೇರೆಯವರ ವಿಮಾನ ರಿಪೇರಿ ಮಾಡಿ, ಅದು ಹಾರುವುದನ್ನು ಕೆಳಗೆ ನಿಂತು ನೋಡಿದಿರಿ. ಒಂದೇ ಒಂದು ಸಲ ನೀವು ಮೇಲೆ ಕೂತಿರಬೇಕು, ನಾನು ಕೆಳಗೆ ನಿಂತು ಕೈಬೀಸಬೇಕು. ನನಗೆ ಬೇಕಾದದ್ದು ಇಷ್ಟೇ. ಕೋಲು ಹಿಡಿದು ಬನ್ನಿ, ಗಾಲಿಕುರ್ಚಿಯಲ್ಲಿ ಬನ್ನಿ, ವಾಲ್ಟರಣ್ಣ ಎತ್ತಿ ಕೂರಿಸುತ್ತಾರೆ. ಬರುವುದಿಲ್ಲ ಎನ್ನಬೇಡಿ.

ದೈವದೇವರು ನಿಮ್ಮ ಬೆನ್ನಿಗಿರಲಿ. ಕುಸುಮನಿಗೂ ಅವಳ ಮಕ್ಕಳಿಗೂ ಒಳ್ಳೆಯದಾಗಲಿ.

ನಿಮ್ಮ
ಉಮಾ

ಇನ್ನೊಂದು ಮಾತು: ನೀವು ಬೇಡವೆಂದರೂ ಕುಸುಮ ನನಗೆ ಹೇಳಿಬಿಟ್ಟಳು. ಮಾತು ಕಲಿಸುವ ಡಾಕ್ಟರು ‘ಹೆಂಡತಿಯ ಹೆಸರು ಹೇಳಿ’ ಎಂದಾಗ ‘ಉ… ಉ…’ ಬಿಟ್ಟು ಮುಂದೆ ಬರಲಿಲ್ಲವಂತೆ. ಗೋಡೆಗೆ ಮುಖ ಮಾಡಿ ಅತ್ತಿರಂತೆ. ಫೋನ್ ಮುಟ್ಟದೇ ಇರುವುದೂ ಅಂದಿನಿಂದಲೇ ಅಂತೆ. ಅಯ್ಯೋ ಮಾರಾಯ್ರೇ, ಮದುವೆಯಾದ ಮೇಲೆ ನೀವು ಯಾವತ್ತು ನನ್ನ ಹೆಸರು ಹಿಡಿದು ಕರೆದದ್ದುಂಟು? ಯಾವಾಗಲೂ ‘ಇವಳೇ’ ಅಂತಲೇ ಅಲ್ಲವಾ? ಇನ್ನು ಫೋನ್ ಮಾಡಿದಾಗ ತೆಗೆಯಿರಿ. ‘ಇವಳೇ’ ಬಾರದಿದ್ದರೆ ಆ ‘ಉ’ ಸಾಕು. ನಾನು ‘ಆಂ’ ಎನ್ನುತ್ತೇನೆ.